ಅರ್ಜಿಯಲ್ಲಿ ಎಮ್ಮೆ ಇತ್ತು, ನಾನಿರಲಿಲ್ಲ

ನನಗೊಂದು ಚಟವಿದೆ. ಚಟವೆಂದ ಕೂಡಲೆ ನಶ್ಯವೋ ತಂಬಾಕೋ ಎಂದು ಹುಬ್ಬೇರಿಸಬೇಡಿ. ಬಸವಣ್ಣನ ದಯೆಯಿಂದ ಆ ಬಾಬತ್ತಿನಲ್ಲಿ ನನ್ನ ಬಾಯಿ ಸ್ವಚ್ಛವಾಗಿಯೇ ಇದೆ. ನನ್ನ ಚಟ ಬೇರೆ ಥರದ್ದು. ಯಾರಾದರೂ "ನೀವು ಯಾರು?" ಎಂದು ಕೇಳಿದರೆ ಒಂದು ಮಾತಿನಲ್ಲಿ ಹೇಳಿ ಮುಗಿಸಲು ನನಗೆ ಬರುವುದಿಲ್ಲ.

ಮೊನ್ನೆ ರೇಷನ್ ಚೀಟಿ ಬರೆಯುವಲ್ಲಿಯೂ ಹೀಗೇ ಆಯಿತು. ಮೇಜಿನ ಹಿಂದೆ ಕೂತಿದ್ದ ಕಾರಕೂನ ತಲೆಯೆತ್ತದೆ "ಮನಿ ವಿವರ ಹೇಳ್ರಿ" ಎಂದ. ವಿವರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಾನು ಸೆರಗು ಸರಿಮಾಡಿಕೊಂಡು ಶುರುಮಾಡಿದೆ. ತವರು ಹುಕ್ಕೇರಿ, ಕೊಟ್ಟದ್ದು ಮಸಗುಪ್ಪಿಗೆ, ನಮ್ಮತ್ತೆಯ ತವರು ಬೆಲ್ಲದ ಬಾಗೇವಾಡಿ, ನಮ್ಮ ಮಾವನವರ ಅಣ್ಣ ಶ್ರೀಶೈಲಕ್ಕೆ ನಡೆದು ಹೋಗಿ ಬಂದವರು, ಅವರ ಹೆಂಡತಿ ಕೈಯ ಮೆಂತ್ಯದ ಹಿಟ್ಟು ತಿಂದವರು ಅದನ್ನು ಮರೆಯುವ ಹಾಗಿಲ್ಲ. ಇಷ್ಟಕ್ಕೆ ಬಂದಿದ್ದೆ. ಕಾರಕೂನ ಲೇಖಣಿ ಕೆಳಗಿಟ್ಟ.

"ಯವ್ವಾ, ನಾ ಕೇಳಿದ್ದು ಮನ್ಯಾಗ ಉಣ್ಣಾವ್ರು ಎಷ್ಟು ಮಂದಿ ಅಂತ. ನೀವು ಸತ್ತಾವ್ರನ್ನೂ ಪಂಗ್ತಿಗಿ ಕುಂಡ್ರಸಾಕತ್ತೀರಿ."

ಹಿಂದೆ ನಿಂತ ಸಾಲೆಲ್ಲ ನಕ್ಕಿತು. ನಾನೂ ನಕ್ಕೆ, ಮತ್ತೇನು ಮಾಡಲಿ? ಚೀಟಿ ಬರೆಸಿಕೊಂಡು ಅಂಗಡಿಗೆ ಹೋದರೆ, ಆ ದಿನ ಸಕ್ಕರೆ ಮುಗಿಯುವ ಮೊದಲು ನನ್ನ ಸರದಿ ಬಂತು. ದೇವರು ನನಗೆ ದೊಡ್ಡ ದೊಡ್ಡ ವರ ಕೊಟ್ಟವನಲ್ಲ. ಆದರೆ ಇಂಥ ಚಿಲ್ಲರೆ ಉಪಕಾರಗಳನ್ನು ಮಾತ್ರ ಅವನು ತಪ್ಪಿಸಿದ್ದಿಲ್ಲ.

ನಿಜ ಹೇಳಬೇಕೆಂದರೆ ಇದರ ಮೂಲ ಹುಕ್ಕೇರಿಯ ನಮ್ಮಜ್ಜಿ. ನಮ್ಮ ಮನೆ ಇದ್ದದ್ದು ಸಂತೆಗೆ ಹೋಗುವ ದಾರಿಯ ಮೇಲೆ. ಅಜ್ಜಿ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದಳು. ದಾರಿಹೋಕರು ನೀರು ಕೇಳಿದರೆ ತಂಬಿಗೆ ತರಿಸುತ್ತಿದ್ದಳು, ಆದರೆ ಕೊಡುತ್ತಿರಲಿಲ್ಲ. ತಂಬಿಗೆಯನ್ನು ತನ್ನ ತೊಡೆಯ ಬಾಜೂಕ್ಕೆ ಇಟ್ಟುಕೊಂಡು ವಿಚಾರಣೆ ಸುರುಮಾಡುತ್ತಿದ್ದಳು. ಯಾವೂರು? ಯಾರ ಪೈಕಿ? ತಾಯಿಯ ತವರು ಯಾವುದು? ಯಾವ ಮಠದ ಒಕ್ಕಲು? ಕೆದಕಿ ಕೆದಕಿ ಕೊನೆಗೆ ಎಲ್ಲಿಯಾದರೂ ಒಂದು ಸಂಬಂಧದ ಎಳೆ ಸಿಕ್ಕಿಬಿಡುತ್ತಿತ್ತು. ಸಿಕ್ಕಿತೆಂದರೆ ನೀರು ಹೋಗಿ ಮಜ್ಜಿಗೆ, ಮಜ್ಜಿಗೆ ಹೋಗಿ ರೊಟ್ಟಿ. ಒಮ್ಮೆ ಬೇಸಿಗೆಯ ಮಧ್ಯಾಹ್ನ ಬಂದ ಒಬ್ಬ ತಾಳ್ಮೆಗೆಟ್ಟು, "ಎವ್ವಾ, ಮೊದಲ ನೀರು ಕೊಡು. ನಾ ಸತ್ತರ ಯಾರ ಪೈಕಿ ಅಂತ ಹೇಳಾವ್ರು ಯಾರು?" ಎಂದ. ಮಾತು ಖರೆ ಅನ್ನಿಸಿ ಅಜ್ಜಿ ತಂಬಿಗೆ ಕೊಟ್ಟಳು. ಅವನು ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಏನೂ ಹೇಳದೆ ಹೊರಟೇಹೋದ. ಅಜ್ಜಿಗೆ ಅದು ಎಷ್ಟೋ ದಿನ ಹತ್ತಿತು. ಉಣ್ಣುತ್ತ ಉಣ್ಣುತ್ತ ಕೈ ನಿಲ್ಲಿಸಿ, "ಯಾರವನೋ ಏನೋ, ಹಂಗ ಹೋದ" ಎಂದು ನಿಟ್ಟುಸಿರು ಬಿಡುತ್ತಿದ್ದಳು.

ನಾವು ಮಕ್ಕಳು ಊರಾಚೆಯ ಗುಮ್ಮಟದ ನೆರಳಿನಲ್ಲಿ ಹುಣಿಸೆ ಬೀಜಗಳಿಗೆ ಮದುವೆ ಮಾಡಿಸುತ್ತಿದ್ದೆವು. ಆಗಲೂ ಪ್ರತಿ ಬೀಜಕ್ಕೆ ಒಂದು ಮನೆತನ, ಒಬ್ಬ ಸೋದರಮಾವ ಇರಲೇಬೇಕು. ಮನೆತನ ಗೊತ್ತಿಲ್ಲದ ಬೀಜವನ್ನು ನಾವು ಮದುವೆಗೆ ಕರೆಯುತ್ತಲೇ ಇರಲಿಲ್ಲ, ಸುಟ್ಟು ತಿನ್ನುತ್ತಿದ್ದೆವು.

ಇಂಥ ನನ್ನನ್ನು ಕೊಟ್ಟದ್ದು ಮಸಗುಪ್ಪಿಯ ಒಕ್ಕಲುತನದ ಮನೆಗೆ. ನಮ್ಮವರು ಮುಲ್ಕಿ ಪರೀಕ್ಷೆ ಪಾಸಾದವರು. ಆ ಕಾಲಕ್ಕೆ ನಮ್ಮ ಕಡೆ ಮುಲ್ಕಿ ಪಾಸೆಂದರೆ ಸಾಲಿಯ ಕಡೆಯ ಮೆಟ್ಟಿಲು ಹತ್ತಿದಂತೆ. ಅಕ್ಷರ ಅಂದರೆ ಅಕ್ಷರ, ಮುತ್ತು ಪೋಣಿಸಿದ ಹಾಗೆ. ಗೆರೆ ಹಾಕದ ಕಾಗದದ ಮೇಲೂ ಅವರ ಸಾಲು ಕೂದಲೆಳೆಯಷ್ಟು ಅತ್ತಿತ್ತ ಆಗುತ್ತಿರಲಿಲ್ಲ. ಆದರೆ ಅದೇ ಮನುಷ್ಯನ ಕೈಗೆ ಬಿತ್ತುವ ಕೂರಿಗೆ ಕೊಟ್ಟರೆ ಶಿವಶಿವಾ! ಎತ್ತುಗಳು ಒಂದು ಕಡೆ, ಕೂರಿಗೆ ಒಂದು ಕಡೆ, ಇವರ ಲಕ್ಷ್ಯ ಬದುವಿನ ಮೇಲೆ ಇಟ್ಟ ಪುಸ್ತಕದ ಕಡೆ. ಬಿತ್ತಿದ ದಿನ ಗುಟ್ಟು ಮಣ್ಣಿನೊಳಗಿತ್ತು. ಜೋಳದ ಮೊಳಕೆ ಬಂದಾಗ ಊರಿಗೆಲ್ಲ ಗೊತ್ತಾಯಿತು. ಸಾಲುಗಳು ನಡುಹೊಲದ ತನಕ ಬಂದು, ಏನೋ ನೆನಪಾದಂತೆ ತಿರುಗಿ, ಒಂದರ ಮೇಲೊಂದು ಹಾಯ್ದು ಹೋಗಿದ್ದವು. ಮರಾಠಿ ದಫ್ತರಗಳಲ್ಲಿ ಸುರುಳಿ ಸುರುಳಿಯಾಗಿ ಬರೆಯುವ ಮೋಡಿ ಅಕ್ಷರ ಇದೆಯಲ್ಲ, ಹಾಗೆ. ನೆರೆಮನೆಯ ಶಿವನಪ್ಪ ಬದುವಿನ ಮೇಲೆ ನಿಂತು ನಮ್ಮ ಮಾವನವರನ್ನು ಕೇಳಿದ.

"ಏನ್ ಕಾಕಾ, ಮಗ ಹೊಲದಾಗ ಮೋಡಿ ಬರದಾನಲ್ಲ. ಓದಿ ಹೇಳಾವ್ರು ಯಾರು?"

ಮಾವನವರು ಅಂದು ರೊಟ್ಟಿ ಅರ್ಧಕ್ಕೇ ಬಿಟ್ಟರು. ಕೈ ತೊಳೆದುಕೊಂಡು ಮಗನನ್ನು ಕರೆದು ಹೇಳಿದರು:

"ನೋಡಪಾ. ಮುಂದಿನ ಕಾರಹುಣ್ಣಿವಿ ಒಳಗ ಎಲ್ಲ್ಯಾರ ನೌಕರಿ ಹಿಡದಿ, ಚಲೋ. ಇಲ್ಲಾಂದ್ರ ನಿನಗ ಎಮ್ಮಿ ಕಾಯಾಕ ಹಚ್ಚತೇನಿ. ಎಮ್ಮಿಗಿ ಸಾಲು ಬೇಕಾಗಿಲ್ಲ."

ಕಾರಹುಣ್ಣಿಮೆ ಎಂದರೆ ನಮ್ಮ ಕಡೆ ಎತ್ತುಗಳ ಹಬ್ಬ. ಅದು ಮುಗಿದದ್ದೇ ಬಿತ್ತನೆಯ ಗಡಿಬಿಡಿ. ಮುಲ್ಕಿ ಪಾಸಾದ ಮನುಷ್ಯ ಊರ ಮುಂದೆ ಎಮ್ಮೆಯ ಬಾಲ ಹಿಡಿದು ಹೋಗುವುದನ್ನು ನೆನೆಸಿಕೊಂಡು ನಾನು ದೇವರ ಕಾಲು ಹಿಡಿದೆ. ನಮ್ಮವರು ಎಮ್ಮೆಗೂ ಹೆದರುತ್ತಿದ್ದರು, ಆ ಮಾತು ಬೇರೆ. ನಾನು ಸೋಮವಾರ ಒಪ್ಪತ್ತು ಹಿಡಿದೆ. ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಅಂಗೈಯ ಲಿಂಗವನ್ನು ದಿಟ್ಟಿಸಿ, "ತಂದೀ, ಇವರಿಗೊಂದು ಮೇಜು ಕೊಡು" ಎಂದು ಬೇಡಿಕೊಳ್ಳುತ್ತಿದ್ದೆ. ಸಂಬಳ ಎಷ್ಟೆಂದು ಕೇಳಿಕೊಳ್ಳಲಿಲ್ಲ. ಮೇಜಿನ ಹಿಂದೆಯೇ ಅದೂ ಬರುತ್ತದೆ ಎಂಬ ನಂಬಿಕೆ.

ಸುದ್ದಿ ತಂದವನು ಅದೇ ಶಿವನಪ್ಪ. ಗೋಕಾಕದ ಪೇಟೆಗೆ ಹತ್ತಿ ಹೇರಿಕೊಂಡು ಹೋದಾಗ, ರೈತರ ಮಾಲು ಮಾರಿಕೊಡುವ ಅಡತಿ ಅಂಗಡಿಯ ಸಾಹುಕಾರರೊಬ್ಬರು ಗುಮಾಸ್ತನನ್ನು ಹುಡುಕುತ್ತಿದ್ದಾರೆಂದು ಕೇಳಿ ಬಂದಿದ್ದ. ಅವರ ಹಿಂದಿನ ಗುಮಾಸ್ತ ಒಂದು ದಿನ ಊಟಕ್ಕೆಂದು ಎದ್ದು ಹೋದವನು ನಾಟಕ ಕಂಪನಿ ಸೇರಿ ಸ್ತ್ರೀಪಾತ್ರ ಮಾಡುತ್ತಿದ್ದನಂತೆ. ಹಾಲಿನಲ್ಲಿ ಬಾಯಿ ಸುಟ್ಟುಕೊಂಡ ಸಾಹುಕಾರರು ಈಗ ಗಟ್ಟಿಯಾಗಿ ಹೇಳಿದ್ದರಂತೆ. ಬರೀ ಹೆಸರು, ಓದು ಸಾಲದು. ಮನೆತನದ ಪೂರ್ವಾಪರ ಎಲ್ಲ ಕಾಣುವಂತೆ ಅರ್ಜಿ ಬರೆದು ಕೊಡಬೇಕು.

ಪೂರ್ವಾಪರ ಎಂದರೆ ಏನೇನು? ನಮ್ಮವರಿಗೆ ಗೊತ್ತಿರಲಿಲ್ಲ. ಸಾಲಿಯಲ್ಲಿ ರಜೆಯ ಅರ್ಜಿ ಕಲಿಸಿದ್ದರು, ಜ್ವರ ಬಂದಿದೆ ಎಂಬುದರ ಹೊರತು ಅದರಲ್ಲಿ ಬೇರೆ ಪೂರ್ವಾಪರ ಇರಲಿಲ್ಲ. ಆಗ ಅತ್ತೆಯವರು, "ನಮ್ಮಣ್ಣನ್ನ ಕರಸ್ರಿ. ಅವನಿಗಿಂತ ಹೆಚ್ಚು ಮನಿತನದ ಕಾಗದ ಬರಸಿದಾವ್ರು ಈ ಸೀಮ್ಯಾಗ ಯಾರದಾರ?" ಎಂದರು.

ಅತ್ತೆಯವರ ಅಣ್ಣ, ಬಾಗೇವಾಡಿ ಮಾವ ಎಂದು ನಾವು ಕರೆಯುತ್ತಿದ್ದವರು, ಮದುವೆ ಕೂಡಿಸುವುದರಲ್ಲಿ ಹೆಸರಾದವರು. ಹುಕ್ಕೇರಿಯಿಂದ ಮೂಡಲಗಿಯ ತನಕ ಯಾರ ಮನೆಯಲ್ಲಿ ಹೆಣ್ಣು ಬೆಳೆದಿದೆ, ಯಾರ ಮಗನಿಗೆ ಮೀಸೆ ಬಂದಿದೆ ಎಂಬುದು ಆಯಾ ಮನೆಯವರಿಗಿಂತ ಮೊದಲು ಅವರಿಗೆ ತಿಳಿಯುತ್ತಿತ್ತು. ನಮ್ಮ ಮದುವೆಯನ್ನೂ ಅವರೇ ಕೂಡಿಸಿದ್ದು. ಅವರು ಬಂದರು. ಹೊಟ್ಟೆತುಂಬ ಉಂಡರು. ಪಡಸಾಲೆಯಲ್ಲಿ ಲೋಡಿಗೆ ಒರಗಿ, "ಬರಿ ತಮ್ಮಾ" ಎಂದರು.

ನಾನು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯ ಮಾತು ಕೇಳಬೇಕೆಂದರೆ ರೊಟ್ಟಿ ಬಡಿಯುವ ಸದ್ದು ನಿಲ್ಲಬೇಕು. ಸದ್ದು ನಿಂತರೆ ಹೊರಗಿನಿಂದ ಅತ್ತೆ, "ಯಾಕವಾ, ರೊಟ್ಟಿ ಯಾಕ ಸುಮ್ಮನಾದ್ವು?" ಎಂದು ಕೂಗುತ್ತಿದ್ದರು. ಹೀಗಾಗಿ ಅಂದಿನ ಸಭೆ ನನ್ನ ಕಿವಿಗೆ ಬಿದ್ದದ್ದು ತುಂಡು ತುಂಡಾಗಿ. ಅಂದಿನ ರೊಟ್ಟಿಗಳೂ ಅಷ್ಟೇ, ಒಂದು ಕಡೆ ದಪ್ಪ, ಒಂದು ಕಡೆ ತೆಳು.

"ಮೊದಲ ಬೆಡಗು ಹಾಕು" ಎಂದರು ಬಾಗೇವಾಡಿ ಮಾವ.

ನಮ್ಮಲ್ಲಿ ಒಂದೇ ಬೆಡಗಿನವರೆಂದರೆ ಅಣ್ಣತಮ್ಮಂದಿರ ಲೆಕ್ಕ, ಅವರೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಅದಕ್ಕೇ ಮದುವೆಯ ಮಾತಿನಲ್ಲಿ ಬೆಡಗಿನದೇ ಮೊದಲ ಪ್ರಶ್ನೆ.

"ಮಾವಾ, ಇದು ನೌಕರಿ ಅರ್ಜಿರಿ" ಎಂದರು ನಮ್ಮವರು ಮೆತ್ತಗೆ.

"ನೌಕರಿ ಅಂದ್ರೇನು, ಮದುವಿ ಅಂದ್ರೇನು? ಎರಡರಾಗೂ ಒಂದ್ ಮನಿಯವ್ರು ಇನ್ನೊಂದ್ ಮನಿ ಹುಡುಗನ್ನ ನಂಬಬೇಕಲ್ಲೋ. ಹಾಕು."

ಬೆಡಗು ಬಿತ್ತು. ಮಠ ಬಿತ್ತು. ಸೋದರಮಾವನ ಊರು ಬೆಲ್ಲದ ಬಾಗೇವಾಡಿ ಎಂಬುದು ಸ್ವಲ್ಪ ದಪ್ಪ ಅಕ್ಷರದಲ್ಲಿ ಬಿತ್ತು. ಆಮೇಲೆ ಹೊಲದ ಮಾತು ಬಂತು. ಮಾವನವರು ಇದ್ದಷ್ಟೂ ಬರೆಯಲಿ ಎಂದರು. ಬಾಗೇವಾಡಿ ಮಾವ, ಅಷ್ಟು ಬರೆದರೆ ಇವನಿಗೆ ನೌಕರಿ ಯಾಕೆ ಬೇಕೆಂದು ಸಾಹುಕಾರ ಕೇಳುತ್ತಾನೆ ಎಂದರು. ಹಾಗಾದರೆ ಬರೆಯುವುದೇ ಬೇಡವೆಂದರೆ, ತಿರುಕರ ಮನೆ ಎಂದುಕೊಳ್ಳುತ್ತಾನೆ. ಬಹಳ ಹೊತ್ತು ಜಗ್ಗಾಡಿ, ಹೊಲ ಉಳಿಸಿಕೊಂಡು ಎತ್ತುಗಳಲ್ಲಿ ಒಂದು ಜೋಡಿ ಕಡಿಮೆ ಮಾಡಿದರು. ತಮ್ಮ ಪ್ರೀತಿಯ ಜೋಡಿಯನ್ನೇ ಬಿಟ್ಟರೆಂದು ಮಾವನವರು ಸಿಟ್ಟಾಗಿ ಎದ್ದು ದನದ ಕೊಟ್ಟಿಗೆಗೆ ಹೋಗಿ, ಆ ಎತ್ತುಗಳ ಮೈ ಸವರಿ ಬಂದರು.

"ಇನ್ನ ಹುಡುಗನ ಗುಣ. ಚಟ ಏನೂ ಇಲ್ಲ. ಶಾಂತ. ಬಣ್ಣ ಗೋದಿ. ಹಲ್ಲು?"

"ಹಲ್ಲು ಯಾಕ ಮಾವಾ?"

"ಎತ್ತು ಕೊಳ್ಳಾವ್ರು ಸೈತ ಹಲ್ಲು ನೋಡತಾರ" ಎಂದರು ಮಾವನವರು ಬಾಗಿಲಿನಿಂದಲೇ.

ಹಲ್ಲು ಎಲ್ಲ ಇವೆ ಎಂದು ಬರೆದಾಯಿತು. ಅಕ್ಕತಂಗಿಯರ ಮದುವೆಗಳೆಲ್ಲ ಆಗಿ ಅವರವರ ಮನೆಯಲ್ಲಿ ಸುಖವಾಗಿದ್ದಾರೆ ಎಂದು ಬರೆದಾಯಿತು. ಅತ್ತೆಯವರು ಎಮ್ಮೆಯನ್ನು ಹಿಡಿದುಕೊಂಡು ಬಂದರು. ಅರ್ಜಿಗೆ, ಪಡಸಾಲೆಗಲ್ಲ.

"ಎಮ್ಮಿ ಬರಿಲಿಲ್ಲಂದ್ರ ಹ್ಯಾಂಗ? ಹೈನು ಐತಿ ಅಂದ್ರ ಹುಡುಗ ಹಾಲು ತುಪ್ಪದಾಗ ಬೆಳದಾನ ಅಂತ ತಿಳೀತೈತಿ."

"ಹೌದ ಮತ್ತ! ಬರಿ ತಮ್ಮಾ. ಗೌರಿ ಅಂತ ಹೆಸರೂ ಹಾಕು, ಮನಿಯವ್ರಿಗಿ ಪ್ರೀತಿ ಐತಿ ಅಂತ ಗೊತ್ತಾಗಲಿ."

ಎಮ್ಮೆ ಬಿತ್ತು, ಹೆಸರಿನೊಂದಿಗೆ. ನಾನು ಒಳಗೆ ಕೈಯಲ್ಲಿ ಹಿಟ್ಟು ಹಿಡಿದು ನಿಂತಿದ್ದೆ. ಎಮ್ಮೆಯ ಬೆನ್ನಿಗೆ ನನ್ನ ಸರದಿ ಬರಬೇಕು ಎಂದುಕೊಂಡೆ. ಬಾವಿ ಬಂತು, ಬಾವಿಯ ನೀರಿನ ರುಚಿ ಬಂತು, ಆಮೇಲೆ ಸಹಿ ಬಂತು. ನಾನು ಬರಲಿಲ್ಲ.

ಮರುದಿನ ಬೆಳಿಗ್ಗೆ ಸ್ನಾನಕ್ಕೆ ನೀರು ತೋಡಿಕೊಡುವಾಗ ಕೇಳಿಯೇಬಿಟ್ಟೆ.

"ಅರ್ಜ್ಯಾಗ ಗೌರಿ ಅದಾಳಂತ?"

"ಹೂಂ."

"ನಾ?"

ನಮ್ಮವರು ಮುಖಕ್ಕೆ ನೀರು ಹಾಕಿಕೊಂಡರು, ಮತ್ತೊಮ್ಮೆ ಹಾಕಿಕೊಂಡರು. "ನಾ ಕೇಳಿದೆ. ಮಾವ ಅಂದ್ರು, ಇಷ್ಟ್ ವರ್ಷ ಕಾಗದ ಬರಸೀನಿ, ಹುಡುಗನ ಕಾಗದದಾಗ ಹೆಂಡತಿ ಬರಿಯೂ ಪದ್ಧತಿ ಯಾವತ್ತೂ ಇಲ್ಲ ಅಂತ."

ಆ ಕಾಗದಗಳಲ್ಲಿ ಹೆಂಡತಿ ಯಾಕೆ ಇರುತ್ತಿರಲಿಲ್ಲ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮೂಗಿನ ಮೇಲೆ ಸಿಟ್ಟು ಬಂದದ್ದು ನಿಜ. ಆಮೇಲೆ ಸಮಾಧಾನ ಮಾಡಿಕೊಂಡೆ. ಗೌರಿ ಅರ್ಜಿಯಲ್ಲಿ ಇರಬೇಕೆಂದರೆ ಎರಡೂ ಹೊತ್ತು ಹಾಲು ಕೊಡಬೇಕು. ನನ್ನ ಮೇಲೆ ಆ ಜವಾಬ್ದಾರಿ ಬೀಳಲಿಲ್ಲವಲ್ಲ, ಅದೂ ಒಂದು ಕೃಪೆ.

ಅರ್ಜಿ ಶಿವನಪ್ಪನ ಕೈಯಲ್ಲಿ ಗೋಕಾಕಕ್ಕೆ ಹೋಯಿತು. ಬಾಗೇವಾಡಿ ಮಾವ ತಮ್ಮೂರಿಗೆ ಹೋದರು. ದಿನಗಳು ಕಳೆದವು, ಉತ್ತರವಿಲ್ಲ. ಕಾರಹುಣ್ಣಿಮೆ ಹತ್ತಿರ ಬಂತು. ಮಾವನವರು ಕಟ್ಟೆಯ ಮೇಲೆ ಕೂತು, ಎಮ್ಮೆ ಕಾಯುವವರು ಹಿಡಿಯುವಂಥ ಒಂದು ಕೋಲನ್ನು ನುಣ್ಣಗೆ ಹೆರೆಯತೊಡಗಿದರು. ನಮ್ಮವರು ಅದರ ಮುಂದೆ ಹಾಯುವಾಗ ಗೋಡೆಯ ಕಡೆ ನೋಡುತ್ತ ಹೋಗುತ್ತಿದ್ದರು.

ಹಬ್ಬ ಇನ್ನೇನು ಬಂತು ಎನ್ನುವಾಗ, ಒಂದು ಮುಂಜಾನೆ ಕಮಾನು ಕಟ್ಟಿದ ಸವಾರಿ ಚಕ್ಕಡಿಯೊಂದು ನಮ್ಮ ಮನೆಯ ಮುಂದೆ ನಿಂತಿತು. ಕೆಂಪು ರುಮಾಲಿನ ದಪ್ಪನೆಯ ಗೃಹಸ್ಥರು ಇಳಿದರು. ಹಿಂದೆ ಇಳಕಲ್ಲ ಸೀರೆಯ ಹೆಂಗಸು, ಅವರ ಹೆಂಡತಿ.

"ಗೋಕಾಕದಿಂದ ಬಂದೇವ್ರಿ" ಎಂದರು ಗೃಹಸ್ಥರು. "ಕಾಗದ ಮುಟ್ಟಿತು. ಮನಿ ನೋಡಿ ಹೋಗೂನು ಅಂತ ಬಂದ್ವಿ."

ಸಾಹುಕಾರರು! ಅರ್ಜಿಯಲ್ಲಿ ಬರೆದದ್ದು ಖರೆಯೋ ಸುಳ್ಳೋ ಎಂದು ತಾವೇ ಬಂದು ನೋಡುವ ಸಾಹುಕಾರರು! ಹೆಂಡತಿಯನ್ನೂ ಕರೆತಂದಿದ್ದಾರೆ! ಎಂಥ ಶಿಸ್ತಿನ ಅಂಗಡಿಯಿರಬೇಕು ಎಂದುಕೊಂಡೆ. ಮಾವನವರು ಕೋಲನ್ನು ಬಾಗಿಲ ಹಿಂದೆ ಒಗೆದು ಅವರನ್ನು ಹಿತ್ತಲಿಗೆ ಕರೆದೊಯ್ದರು. ಎತ್ತು ತೋರಿಸಿದರು. ಅರ್ಜಿಯಲ್ಲಿ ಇಲ್ಲದ ಜೋಡಿಯನ್ನು ಎರಡು ಸಲ ತೋರಿಸಿದರು. ಬಾವಿಯ ನೀರು ಕುಡಿಸಿದರು. ಸಾಹುಕಾರರು ಗೌರಿಯ ಮುಂದೆ ನಿಂತು, "ಇದ ಏನು ಗೌರಿ?" ಎಂದು ಅರ್ಜಿ ಓದಿದವರ ಗತ್ತಿನಲ್ಲಿ ಕೇಳಿದರು. ಅತ್ತೆಯವರ ಮುಖ ಹೊಳೆಯಿತು. ನಮ್ಮವರು ಪಡಸಾಲೆಯ ಮೂಲೆಯಲ್ಲಿ ಕೈ ಕಟ್ಟಿ ನಿಂತಿದ್ದರು. ಸಾಹುಕಾರರು ಒಳಗೆ ಬಂದು ಕೂತು ಅವರನ್ನು ತಲೆಯಿಂದ ಕಾಲಿನ ತನಕ ನೋಡಿದರು. ನಮ್ಮವರು, ಪಾಪ, ಇರಲಿ ಎಂದು ಸ್ವಲ್ಪ ಹಲ್ಲು ತೋರಿಸಿದರು.

ಇತ್ತ ಸಾಹುಕಾರ್ತಿ ನೆಟ್ಟಗೆ ಅಡಿಗೆಮನೆಗೆ ಬಂದು ನನ್ನ ಬಾಜೂಕ್ಕೆ ಮಣೆ ಹಾಕಿಕೊಂಡು ಕೂತರು. ನಾನು ಗಡಿಬಿಡಿಯಲ್ಲಿ ಮಾದಲಿಗೆ ಬೆಲ್ಲ ಪುಡಿ ಮಾಡುತ್ತಿದ್ದೆ.

"ಹುಡುಗನ ಸ್ವಭಾವ ಹ್ಯಾಂಗೈತೆವಾ? ಖರೆ ಹೇಳು, ನಮ್ಮ ನಿಮ್ಮೊಳಗ."

ಅಂಗಡಿಗೆ ಬೇಕಾಗಿ ಕೇಳುತ್ತಿದ್ದಾರೆ, ದೇವರ ಮುಂದೆ ನಿಂತ ಹಾಗೆ ಹೇಳಬೇಕು ಎಂದುಕೊಂಡೆ. "ಸಿಟ್ಟು ಬರತೈತ್ರಿ. ಆದರ ನಿಲ್ಲೂದಿಲ್ಲ. ಎದ್ದು ಹೊರಗ ಹೋಗತೇನಿ ಅಂತಾರ, ಚಪ್ಪಲಿ ಹುಡುಕೂದ್ರಾಗ ಸಿಟ್ಟು ಹೋಗಿರತೈತಿ."

ಸಾಹುಕಾರ್ತಿ ನಕ್ಕರು. "ಹೊಲದ ಕೆಲಸ ಬರತೈತಿ?"

"ಅದನ್ನೊಂದು ಕೇಳಬ್ಯಾಡ್ರಿ. ಕೂರಗಿ ಹಿಡದ್ರ ಎತ್ತಿಗೂ ನಗಿ ಬರತೈತಿ. ಆದರ ಬರಿಯಾಕ ಕುಂತ್ರ ಕೈ ನಡಗೂದಿಲ್ಲ. ಒಬ್ಬರ ಮಾತು ಒಬ್ಬರಿಗಿ ಹೇಳೂದಿಲ್ಲ. ಸುಳ್ಳಂತೂ ಹೇಳಾಕ ಬರೂದಿಲ್ರಿ, ಹೇಳಿದ್ರ ಕಿವಿ ಕೆಂಪಾಗಿ ಸಿಕ್ಕಬೀಳತಾರ."

"ಚಲೋ ಆತು. ನಮ್ಮ ಹುಡುಗಿ ಸ್ವಲ್ಪ ಮಾತು ಕಡಿಮಿ. ಆಕಿ ಕೂಡ ಹೊಂದಿಕೊಂಡು ಹೋಗತಾನಿಲ್ಲೋ?"

ಅಂಗಡಿಯಲ್ಲಿ ಹುಡುಗಿಯೂ ಕೂರುತ್ತಾಳೆಯೇ? ಪೇಟೆಯ ರೀತಿಯೇ ಬೇರೆ ಎಂದುಕೊಂಡು, "ಎಲ್ಲಾರ ಕೂಡ ಹೊಂದಿಕೊಳ್ಳತಾರ್ರಿ. ಹೆಣ್ಣಮಕ್ಕಳ ಮ್ಯಾಲ ದನಿ ಎತ್ತಿದಾವ್ರಲ್ಲ" ಎಂದೆ.

ಸಾಹುಕಾರ್ತಿಗೆ ಕಣ್ಣು ತುಂಬಿ ಬಂತು. ನನ್ನ ಕೈ ಹಿಡಿದು, "ನಿನ್ನಂಥಾ ನಾದಿನಿ ಸಿಕ್ಕರ ನಮ್ಮ ಹುಡುಗಿ ಪುಣ್ಯ. ಅಂದಂಗ ನೀ ಹುಡುಗಗ ಅಕ್ಕನೋ, ತಂಗಿನೋ? ತವರಿಗಿ ಬಂದೀಯೇನು?"

"ಇಲ್ರಿ. ನಾ ಅವರ ಮನಿಯಾಕಿ."

"ಯಾರ ಮನಿಯಾಕಿ?"

"ಅವರದ್ರಿ."

"ಅವರು ಅಂದ್ರ ಯಾರವಾ?"

ಗಂಡನ ಹೆಸರು ಬಾಯಲ್ಲಿ ಹೇಳುವುದು ಹೇಗೆ? ಆ ಕಾಲದಲ್ಲಿ ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ಮೊದಲೇ ಅವರ ಗ್ರಹಗತಿ ಸರಿಯಿರಲಿಲ್ಲ. ನಾನು ಬಾಗಿಲ ಸಂದಿಯಿಂದ ಪಡಸಾಲೆಯ ಕಡೆ ಬೆರಳು ಮಾಡಿ ತೋರಿಸಿದೆ. ಸಾಹುಕಾರ್ತಿ ಬೆರಳಿನ ನೇರಕ್ಕೆ ನೋಡಿದರು. ಅಲ್ಲಿ ಲೋಡಿಗೆ ಒರಗಿ ಕೂತವರು ಅವರ ಗಂಡ, ಸಾಹುಕಾರರು.

"ಏನಂದಿ?" ಎಂದು ಸಾಹುಕಾರ್ತಿ ಎದ್ದು ನಿಂತರು. "ನಡಿ ಹೊರಗ. ಎಲ್ಲಾರ ಮುಂದ ಹೆಸರು ಹೇಳು. ಒಡಪು ಕಟ್ಟಿ ಹೇಳು, ಒಡಪಿನ್ಯಾಗ ಹೇಳಿದ್ರ ದೋಷಿಲ್ಲ."

ಮದುವೆ, ಸೀಮಂತದಲ್ಲಿ ಹೆಂಗಸರು ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಹೇಳುವ ಒಡಪು ನನಗೆ ಹತ್ತಾರು ಬರುತ್ತಿದ್ದವು. ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. ಪಡಸಾಲೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತು, ಬಾಯಿಗೆ ಬಂದದ್ದನ್ನು ಕಟ್ಟಿದೆ:

"ಗೋಕಾಕದ ಪ್ಯಾಟ್ಯಾಗ ಕರದಂಟು ತೂಗತಾರ,
ಈರಪ್ಪನವರು ಮಸಗುಪ್ಪ್ಯಾಗ ಅರ್ಜಿ ಬರಕೋತ ಕುಂತಾರ."

ನಮ್ಮವರ ಕಿವಿ ಕೆಂಪಾದವು. ಸಾಹುಕಾರರು ನನ್ನನ್ನು ನೋಡಿದರು, ನಮ್ಮವರನ್ನು ನೋಡಿದರು, ಮಾವನವರನ್ನು ನೋಡಿದರು.

"ಮದುವಿ ಆಗೇತಿ?"

"ಆಗೇತಲ್ರಿ" ಎಂದರು ಮಾವನವರು. "ಮೂರು ವರ್ಷ ಆತು. ಯಾಕ್ರಿ, ಗುಮಾಸ್ತಗ ಮದುವಿ ಆಗಿರಬಾರದೇನು?"

ಸಾಹುಕಾರರು ಅಂಗಿಯ ಕಿಸೆಯಿಂದ ಅರ್ಜಿ ತೆಗೆದು ಝಾಡಿಸಿದರು. "ಗುಮಾಸ್ತಂದು ಅರ್ಜಿ ಇದು? ಬೆಡಗು ಬರದೀರಿ. ಸ್ವಾದರಮಾವನ ಊರು ಬರದೀರಿ. ಅಕ್ಕತಂಗ್ಯಾರ ಮದುವಿ ಮುಗದಾವು ಅಂತ ಬರದೀರಿ. ಹಲ್ಲು ಬರದೀರಿ! ಗುಮಾಸ್ತ ಹಲ್ಲಿಲೆ ಲೆಕ್ಕ ಬರೀತಾನೇನು? ನಮ್ಮ ಮನ್ಯಾಗ ಕೊಡೂ ಹುಡುಗಿ ಐತಿ ಅನ್ನೂದು ಪ್ಯಾಟಿಗೆಲ್ಲಾ ಗೊತ್ತು. ನೌಕರಿ ಅನ್ನೂದು ನೆಪ, ದೊಡ್ಡ ಮನಸಿನವ್ರು, ನೇರ ಕೇಳಾಕ ನಾಚಿಕೊಂಡು ಹಿಂಗ ಬರದಾರ ಅಂತ ತಿಳಕೊಂಡ್ವಿ. ಬೆಡಗೂ ಬ್ಯಾರೆ ಬಂತು, ಕೂಡಿ ಬಂತು ಅಂತ ಚಕ್ಕಡಿ ಕಟ್ಟಿಸಿಕೊಂಡು ಬಂದ್ವಿ. ಇಲ್ಲಿ ನೋಡಿದ್ರ ಎಮ್ಮಿ ಹೆಸರು ಬರದೀರಿ, ಹೆಂಡತಿ ಬರದಿಲ್ಲ!"

ಅವರು ಎದ್ದರು. ಚಕ್ಕಡಿ ಹೂಡಲು ಹೇಳಿದರು. ಅತ್ತೆಯವರು, "ಮಾದಲಿ ಆರ‍್ತೈತ್ರಿ" ಎಂದು ಏನೋ ಹೇಳಲು ಹೋಗಿ ನಿಲ್ಲಿಸಿದರು. ಮಾವನವರ ಕಣ್ಣು ಬಾಗಿಲ ಹಿಂದಿನ ಕೋಲಿನ ಕಡೆ ಹೋಯಿತು. ನಮ್ಮವರು ಅದನ್ನು ಕಂಡರು. ಅವರ ಮುಖ ನೋಡಲಾರದೆ ನಾನು ಎದೆಯ ಮೇಲಿನ ಲಿಂಗವನ್ನು ಸೆರಗಿನ ಮೇಲಿಂದಲೇ ಮುಟ್ಟಿಕೊಂಡೆ.

"ಕೂಡ್ರಿ" ಎಂದರು ಸಾಹುಕಾರ್ತಿ.

"ಯಾಕ ಕೂಡೂದು? ನಡಿ."

"ಕೂಡ್ರಿ ಅಂದೆ. ಈಗ ಒಂದ್ ತಾಸಿನ ಹಿಂದ ಈ ಹುಡುಗಗ ಮಗಳನ್ನ ಕೊಡಾಕ ತಯಾರ್ ಆಗಿದ್ರಿ, ಹೌದಲ್ಲೋ? ಹೊಟ್ಟ್ಯಾಗ ಹುಟ್ಟಿದ ಮಗಳನ್ನ ನಂಬಿ ಕೊಡಾವ್ರು ಅಂಗಡಿ ಕೀಲಿಕೈ ಕೊಡಾಕ ಯಾಕ ಅಂಜತೀರಿ? ಮಗಳಿಗಿಂತ ಹತ್ತಿ ಗಂಟು ಹೆಚ್ಚಿಂದೇನು?"

ಸಾಹುಕಾರರು ಅರ್ಜಿಯನ್ನು ಮತ್ತೆ ಎತ್ತಿ ತೋರಿಸಿದರು. "ಮದುವಿ ಮುಚ್ಚಿಟ್ಟಾರ, ಅದಕ್ಕ."

"ಮುಚ್ಚಿಟ್ಟಾವ್ರು ಹೆಂಡತಿನ್ನ ನನ್ನ ಬಾಜೂಕ್ಕ ಕುಂಡ್ರಸತಾರೇನು? ಈಕಿ ನನಗ ಎಲ್ಲಾ ಹೇಳ್ಯಾಳ. ಸಿಟ್ಟು ಐತಿ ಅಂದಳು. ಬಿತ್ತಾಕ ಬರೂದಿಲ್ಲ ಅಂದಳು. ನನ್ನ ಜಲ್ಮದಾಗ ಇಷ್ಟು ಖರೆ ಮಾತು ಹೇಳೂ ಬೀಗರನ್ನ ನಾ ಕಂಡಿಲ್ಲ. ಬೀಗರಂತೂ ಆಗಲಿಲ್ಲ. ಗುಮಾಸ್ತನ್ನಾರ ಬಿಡಬ್ಯಾಡ್ರಿ."

ಸಾಹುಕಾರರು ಕೂತರು. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಬೆವರು ಒರೆಸಿಕೊಂಡರು. ಆಮೇಲೆ ಅವರ ಹೊಟ್ಟೆ ಅಲುಗಾಡತೊಡಗಿತು. ಅಳುತ್ತಿದ್ದಾರೋ ಏನೋ ಎಂದು ನಮಗೆಲ್ಲ ಹೆದರಿಕೆಯಾಯಿತು. ನಗುತ್ತಿದ್ದರು.

"ಹಲ್ಲು ಬರದಾರ, ಹಲ್ಲು!" ಎಂದು ಮತ್ತೆ ಮತ್ತೆ ಹೇಳಿ ನಕ್ಕು, ಹಳೆಯ ಅರ್ಜಿಯನ್ನು ಹರಿದು ನಮ್ಮವರ ಕಡೆ ತಿರುಗಿದರು. "ಕಾಗದ ತಗೋ. ಇಲ್ಲೇ, ನನ್ನ ಮುಂದ ಹೊಸಾದು ಬರಿ."

ನಮ್ಮವರು ಕಾಗದ, ಮಸಿ ತಂದು ಕೂತರು. "ಏನೇನು ಬರೀಲಿರಿ?"

ಈ ಪ್ರಶ್ನೆ ಬಿದ್ದದ್ದೇ ಮಾವನವರು ಬಾಯಿ ತೆರೆದರು. ಅತ್ತೆಯವರು ಒಂದು ಹೆಜ್ಜೆ ಮುಂದೆ ಬಂದರು. ಸಾಹುಕಾರರು ಕೈ ಎತ್ತಿದರು.

"ಯಾರೂ ಮಾತಾಡಬ್ಯಾಡ್ರಿ. ಆ ಹೆಣ್ಣಮಗಳು ಹೇಳಲಿ, ಇವ ಬರೀಲಿ."

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಹುಕ್ಕೇರಿಯ ಅಜ್ಜಿಯ ಮೊಮ್ಮಗಳು ನಾನು. ಹೇಳಲು ಏನೆಲ್ಲ ಇತ್ತು! ಆದರೆ ಅಂದು ಬಾಯಿಂದ ಬಂದದ್ದು ಇಷ್ಟೇ.

"ಓದಾಕ, ಬರಿಯಾಕ ಬರತೈತಿ. ಸುಳ್ಳು ಹೇಳಾಕ ಬರೂದಿಲ್ಲ. ಮದುವಿ ಆಗೇತಿ."

ನಮ್ಮವರು ಬರೆದರು. ಸಾಹುಕಾರರು ಬಗ್ಗಿ ನೋಡಿದರು. ಗೆರೆಯಿಲ್ಲದ ಕಾಗದದ ಮೇಲೆ ಮೂರು ಸಾಲು, ದಾರ ಹಿಡಿದು ಬರೆದಂತೆ. ಅವರ ಹುಬ್ಬು ಮೇಲೆ ಹೋಯಿತು.

"ಮದುವಿ ಆಗೇತಿ ಅಂತ ಬರದ್ರ ಸಾಲೂದಿಲ್ಲ" ಎಂದರು. "ಯಾರ ಕೂಡ? ಬರಿ."

ಅಪ್ಪ ಅವ್ವನ ಮುಂದೆ ಹೆಂಡತಿಯ ಹೆಸರು! ನಮ್ಮವರು ಮಸಿಯಲ್ಲಿ ಲೇಖಣಿ ಅದ್ದಿದರು, ಝಾಡಿಸಿದರು, ಮತ್ತೆ ಅದ್ದಿದರು. ಆಮೇಲೆ ಬರೆದರು. ಮೂರನೆಯ ಪುಸ್ತಕದ ತನಕ ಓದಿದ್ದೆನಾಗಿ ನನಗೆ ನಿಂತಲ್ಲಿಂದಲೇ ತಲೆಕೆಳಗಾಗಿ ಓದಲು ಬಂತು. ನೀಲವ್ವ. ಅಲ್ಲಿಯ ತನಕ ನನ್ನ ಹೆಸರು ಯಾವ ಕಾಗದದ ಮೇಲೂ ಬಂದದ್ದನ್ನು ನಾನು ಕಂಡಿರಲಿಲ್ಲ. ಮಸಿ ಆರಲೆಂದು ನಮ್ಮವರು ಅದರ ಮೇಲೆ ಉಫ್ ಎಂದು ಊದಿದರು. ಬೇರೆ ಸಾಲುಗಳ ಮೇಲೆ ಊದಲಿಲ್ಲ.

ಸಾಹುಕಾರರು ಮಾದಲಿ ಉಂಡರು, ಎರಡು ಸಲ ಹಾಕಿಸಿಕೊಂಡರು. ಸಾಹುಕಾರ್ತಿ ಹೊರಡುವ ಮುಂದೆ, ಬೇರೆ ಕೆಲಸಕ್ಕೆಂದು ತಂದಿದ್ದ ಕುಪ್ಪಸದ ಬಟ್ಟೆಯನ್ನು ಚೀಲದಿಂದ ತೆಗೆದು ನನ್ನ ಉಡಿಗೆ ಹಾಕಿದರು. ನಾನು ಬೇಡವೆನ್ನಲು ಹೋದರೆ, "ತಂದದ್ದನ್ನ ಹೊಳ್ಳಿ ಒಯ್ಯಬಾರದು, ಸುಮ್ಮನಿರು" ಎಂದು ಗದರಿಸಿದರು. ಆ ಬಟ್ಟೆ ಹಸಿರು, ಅಂಚಿಗೆ ಸಣ್ಣ ಕೆಂಪು. ಇನ್ನೊಬ್ಬಳ ಭಾಗ್ಯಕ್ಕೆ ಬಂದದ್ದು ನನ್ನ ಅಳತೆಗೆ ಸರಿಯಾಗಿ ಹೊಂದಿತು ಎಂಬುದನ್ನು ದೇವರ ಲೆಕ್ಕದಲ್ಲಿ ಬರೆದುಕೊಂಡಿದ್ದೇನೆ.

ಚಕ್ಕಡಿ ಹತ್ತಿದ ಮೇಲೆ ಸಾಹುಕಾರರು ಹೊಸ ಅರ್ಜಿಯನ್ನು ಮಡಚಿ ಕಿಸೆಗಿಟ್ಟುಕೊಂಡು ನಮ್ಮವರನ್ನು ಕರೆದರು.

"ಸೋಮವಾರ ಬಾ. ಅಂಗಡಿ ಹಿಂದ ಒಂದು ಖೋಲಿ ಖಾಲಿ ಐತಿ."

"ಬರತೇನ್ರಿ."

"ಬರತೇನಿ ಅನ್ನಬ್ಯಾಡ, ಬರತೇವಿ ಅನ್ನು. ಒಬ್ಬನ ಬಂದ್ರ ಮೆಟ್ಲ ಹತ್ತಗೊಡೂದಿಲ್ಲ. ಅರ್ಜ್ಯಾಗ ಇಬ್ಬರ ಹೆಸರು ಐತಿ."

ಚಕ್ಕಡಿ ಊರ ಅಗಸಿ ಬಾಗಿಲು ದಾಟಿತು. ಆಮೇಲೆ ಮಾವನವರು ಕೆಮ್ಮಿ, ಮಗನನ್ನು ಬಿಟ್ಟು ನನ್ನ ಕಡೆ ತಿರುಗಿ ಹೇಳಿದರು:

"ಯವ್ವಾ, ಇವನ ಗಂಟು ನೀನ ಕಟ್ಟು. ಇವಗ ಬಿಟ್ರ ಅದೂ ಸೊಟ್ಟ ಕಟ್ಟತಾನ."